ವಜೀಫಾ ಬೇಕೋ, ಮೊಮ್ಮಗಳು ಬೇಕೋ

ನನ್ನ ಮೊಮ್ಮಗಳಿಗೆ ಮುಂದಿನ ಹಲ್ಲು ಬಿದ್ದು ಹೊಸವು ಬಂದಿವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಬೇರೆ ಏನು ಬರೆಯಲು ಕೂತರೂ ಕೊನೆಗೆ ನಾನು ಅಲ್ಲಿಗೇ ಬಂದು ನಿಲ್ಲುತ್ತೇನೆ ಎಂದು ಹೆಂಡತಿ ನಗುತ್ತಾಳೆ. ನಗಲಿ. ಹೊಸ ಹಲ್ಲು ಒಂದು ಸ್ವಲ್ಪ ಸೊಟ್ಟಗೆ ಬಂದಿದೆ, ಅದೂ ಚಂದವೇ. ಅವಳು ಹೋಗುವುದು ತೆಲುಗು ಶಾಲೆಗೆ. ನಾನು ಕಲಿತದ್ದು ಮಕ್ತಲ್‌ನ ಸರ್ಕಾರಿ ಶಾಲೆಯಲ್ಲಿ ಒಂದಿಷ್ಟು ಉರ್ದು, ಮಠದ ಜಗಲಿಯಲ್ಲಿ ಒಂದಿಷ್ಟು ಕನ್ನಡ, ಎರಡನ್ನೂ ನಡುವೆಯೇ ಬಿಟ್ಟೆ. ಹೀಗಾಗಿ ನಾನು ಬರೆದದ್ದನ್ನು ಅವಳು ಓದಲಾರಳು, ಅವಳು ಬರೆದದ್ದನ್ನು ನಾನು ಓದಲಾರೆ. ಇದನ್ನು ಬರೆದು ಮುಗಿಸಿದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓದಿ ಹೇಳುತ್ತೇನೆ.

ಬರೆಯುವುದಕ್ಕೆ ಕಾರಣವಿದೆ. ಹೈದರಾಬಾದ್ ರಾಜ್ಯವನ್ನು ಒಡೆಯುತ್ತಾರಂತೆ, ರಾಯಚೂರು ಒಂದು ಕಡೆಗೆ, ನಮ್ಮ ಮಕ್ತಲ್, ನಾರಾಯಣಪೇಟೆ ಇನ್ನೊಂದು ಕಡೆಗೆ ಹೋಗುತ್ತವಂತೆ. ಕಟ್ಟೆಯ ಮೇಲೆ ಕೂತವರೆಲ್ಲ ನನ್ನನ್ನು ಕೇಳುತ್ತಾರೆ: ಹಾಗಾದರೆ ನೀವು ಯಾವ ಕಡೆಯವರು? ನಾನು ಮೊಮ್ಮಗಳ ಕಡೆಯವನು. ಈ ಮಾತನ್ನು ಖಜಾನೆಯ ಮೇಜಿನ ಮುಂದೆ ನಿಂತು ಒಮ್ಮೆ ಹೇಳಿದ್ದೇನೆ, ಅದಕ್ಕೆ ಕೊಡಬೇಕಾದ್ದನ್ನು ಕೊಟ್ಟಿದ್ದೇನೆ. ಮತ್ತೆ ಕೇಳಿದರೆ ಮತ್ತೆ ಹೇಳುತ್ತೇನೆ.

ನಾನು ನಿಜಾಮ ಸರ್ಕಾರದ ಕರೋಡಗಿರಿಯಲ್ಲಿ, ಅಂದರೆ ಸುಂಕದ ಇಲಾಖೆಯಲ್ಲಿ, ಜವಾನನಾಗಿದ್ದೆ. ಮೀಸೆ ಮೂಡುವ ವಯಸ್ಸಿನಿಂದ ಅದು ಬೆಳ್ಳಗಾಗುವ ತನಕ ರಾಜೋಳಿಯ ಹತ್ತಿರ ತುಂಗಭದ್ರೆಯ ದಂಡೆಯ ನಾಕಾದಲ್ಲಿ, ಸುಂಕದ ಕಟ್ಟೆಯಲ್ಲಿ, ನಿಂತಿದ್ದೆ. ಹೊಳೆಯ ಈಚೆ ನಮ್ಮ ಸರ್ಕಾರದ ಸೀಮೆ, ಆಚೆ ಇಂಗ್ಲಿಷರದು. ದಾಟುವವರ ಗಂಟು ಬಿಚ್ಚಿಸಿ ನೋಡುವುದು ನನ್ನ ಕೆಲಸ. ಎಣ್ಣೆ, ಬೆಲ್ಲ, ಬಟ್ಟೆ, ಒಮ್ಮೊಮ್ಮೆ ಬಟ್ಟೆಯೊಳಗೆ ಅಡಗಿದ ಬೆಳ್ಳಿ. ಆಚೆಯ ದಂಡೆಯ ಹಳ್ಳಿಯಿಂದ ನಾರಾಯಣಪೇಟೆಗೆ ಹೋಗಿ ಸೀರೆ ಕೊಂಡು ಬರುವ ಒಬ್ಬ ಹುಡುಗ ತನ್ನ ಗಂಟನ್ನು ತಾನೇ ಬಿಚ್ಚಿ, ಹೇಳದಿದ್ದರೂ ಒಂದೊಂದು ಸೀರೆಯನ್ನೂ ಹರಡಿ ತೋರಿಸುತ್ತಿದ್ದ. ಅವನ ಕೈ ನೋಡಿ ನನ್ನ ಒಬ್ಬಳೇ ಮಗಳನ್ನು ಅವನಿಗೇ ಕೊಟ್ಟೆ. ಹೊಳೆಯಾಚೆ ಕೊಡುವುದೆಂದರೆ ಪರದೇಶಕ್ಕೆ ಕೊಟ್ಟಂತೆ ಎಂದು ನಮ್ಮವರು ಗೊಣಗಿದರು. ನಾಕಾದ ಬಾಗಿಲಲ್ಲಿ ನಿಂತರೆ ಅವರ ಮನೆಯ ಹುಣಸೆಮರ ಕಾಣುತ್ತಿತ್ತು. ಇದೆಂಥ ಪರದೇಶ!

ಆದರೆ ಆ ಮನೆಯಲ್ಲಿ ನಾವು ನೀರು ಕುಡಿಯುವಂತಿರಲಿಲ್ಲ. ನಮ್ಮಲ್ಲಿ ಮಗಳಿಗೆ ಮಗು ಹುಟ್ಟುವವರೆಗೆ ಹೆತ್ತವರು ಅವಳ ಮನೆಯಲ್ಲಿ ಅನ್ನ, ನೀರು ಮುಟ್ಟುವುದಿಲ್ಲ. ಕೊಟ್ಟ ಮನೆಯಿಂದ ತಿಂದರೆ ಕೊಟ್ಟದ್ದನ್ನು ಹಿಂದೆ ತೆಗೆದುಕೊಂಡ ಹಾಗೆ ಅನ್ನುತ್ತಾರೆ. ಹೆಂಡತಿ ಜೋಳದ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಳ್ಳುತ್ತಿದ್ದಳು. ನಾನು ಹಿತ್ತಾಳೆಯ ತಂಬಿಗೆಯಲ್ಲಿ ನಮ್ಮ ದಂಡೆಯ ನೀರು ತುಂಬಿಕೊಂಡು ಹರಗೋಲು ಹತ್ತುತ್ತಿದ್ದೆ. ಅದೇ ಹೊಳೆ, ಅದೇ ನೀರು. ಆದರೂ ಆಚೆಯ ದಂಡೆಯಲ್ಲಿ ಬಗ್ಗಿ ಕುಡಿಯಲು ಅವಳು ಬಿಡುತ್ತಿರಲಿಲ್ಲ. ಅದು ಬೀಗರ ಊರಿನ ನೀರು. ಬೇಸಿಗೆಯಲ್ಲಿ ತಂಬಿಗೆ ಖಾಲಿಯಾದರೆ ಮಗಳನ್ನು ಇನ್ನೊಂದು ಗಳಿಗೆ ನೋಡುವ ಆಸೆಯನ್ನು ಬಿಟ್ಟು ಎದ್ದು ಬರಬೇಕು. ಮಗಳು ಬಾಗಿಲಲ್ಲಿ ನಿಂತು ನಮ್ಮ ತಂಬಿಗೆಯನ್ನೇ ನೋಡುತ್ತಿದ್ದಳು. ಹೀಗೆ ವರ್ಷಗಳು ಹೋದವು, ಅವಳಿಗೆ ಮಗುವಾಗಲಿಲ್ಲ. ಅಳಿಯನ ಕಡೆಯವರು ಬೇರೆ ಹೆಣ್ಣಿನ ಮಾತೆತ್ತಿದರಂತೆ. ಅವನು ಸೀರೆಯ ಗಂಟು ಹೆಗಲಿಗೆ ಹಾಕಿಕೊಂಡು ನಾರಾಯಣಪೇಟೆಗೆ ಹೋದವನು ಆ ಮಾತು ತಣ್ಣಗಾಗುವ ತನಕ ಊರಿಗೇ ಬರಲಿಲ್ಲವಂತೆ. ಅವನ ಕೈಯನ್ನು ನಾನು ಸರಿಯಾಗಿಯೇ ನೋಡಿದ್ದೆ.

ನನಗೆ ವಜೀಫಾ ಆಯಿತು. ವಜೀಫಾ ಅಂದರೆ ಪಿಂಚಣಿ, ಆಗ ನಾವು ಹಾಗೇ ಅನ್ನುತ್ತಿದ್ದೆವು. ನಾಕಾದ ಕೋಣೆ ಬಿಟ್ಟು ಮಕ್ತಲ್‌ಗೆ ಬಂದೆವು. ಅಲ್ಲಿ ಅಪ್ಪನ ಕಾಲದ ಮಣ್ಣಿನ ಮನೆ, ಪಕ್ಕದಲ್ಲೇ ನನ್ನ ತಮ್ಮನ ಮನೆ, ತಹಸೀಲ್ ಖಜಾನೆಗೆ ನಡೆದು ಹೋಗುವಷ್ಟು ದೂರ. ಎಲ್ಲ ಅನುಕೂಲ. ಆದರೆ ಮಗಳ ಊರಿಗೆ ಹೋಗಬೇಕೆಂದರೆ ಕೃಷ್ಣೆ ದಾಟಬೇಕು, ಧರೂರು, ಗದ್ವಾಲ್ ಹಾಯಬೇಕು, ರಾಜೋಳಿಗೆ ಹೋಗಿ ತುಂಗಭದ್ರೆಯನ್ನೂ ದಾಟಬೇಕು. ಇಂಗ್ಲಿಷರು ಹೋದರು, ಆಚೆಯ ಸೀಮೆ ಸ್ವತಂತ್ರವಾಯಿತು, ನಮ್ಮ ಸರ್ಕಾರ ತಾನು ಬೇರೆ ಎಂದು ಕೂತಿತು. ಹೊಳೆಯ ಎರಡೂ ದಂಡೆಗೆ ಬಂದೂಕು ಬಂದವು. ರಹದಾರಿ ಇಲ್ಲದೆ ದಾಟುವಂತಿಲ್ಲ. ಆಚೆಯ ಉಪ್ಪು, ಸೀಮೆಎಣ್ಣೆ ನಿಂತುಹೋದವು.

ಆ ಗದ್ದಲ ಏಳುವ ಹೊತ್ತಿಗೇ ನನ್ನ ಮಗಳು ಬಸುರಿಯಾಗಿದ್ದಳು. ಅಷ್ಟು ವರ್ಷ ಇಲ್ಲದ್ದು, ಆಗ.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಅವಳನ್ನು ಈಚೆಗೆ ತರಲು ಎರಡೂ ಕಡೆಯವರು ಬಿಡಲಿಲ್ಲ. ನಾವು ರಹದಾರಿಗೆ ಓಡಾಡುತ್ತಿರುವಾಗಲೇ ಸುದ್ದಿ ಬಂತು: ಹೆಣ್ಣು ಕೂಸು, ತಾಯಿ ಮಗು ಚೆನ್ನಾಗಿದ್ದಾರೆ. ಸುದ್ದಿ ತಂದವನು ಸೀರೆ ವ್ಯಾಪಾರಿ, ಅಳಿಯನ ಗೆಳೆಯ. ನನ್ನ ಹೆಂಡತಿ ಅವನ ಕೈಗೆ ಬೆಲ್ಲದ ಅಚ್ಚು ಕೊಟ್ಟಳು, ಇನ್ನೊಂದು ಕೊಟ್ಟಳು, ಆಮೇಲೆ ಡಬ್ಬಿಯನ್ನೇ ಕೊಟ್ಟಳು. ನಾನು ಅಂಗಳದಲ್ಲಿ ನಿಂತು ಎಮ್ಮೆಗೆ ಹೇಳಿದೆ. ಮೊದಲು ಕಂಡದ್ದು ಅದೇ.

ಅಂತೂ ಮಗಳನ್ನು ನೋಡಿ ಬರಲು ಸ್ವಲ್ಪ ದಿನದ ರಹದಾರಿ ಸಿಕ್ಕಿತು. ರಾಜೋಳಿಯ ನಾಕಾದಲ್ಲಿ ಹೊಸ ಜವಾನನೊಬ್ಬ ನನ್ನ ಗಂಟು ಬಿಚ್ಚು ಎಂದ. ಜೀವಮಾನವೆಲ್ಲ ಬೇರೆಯವರ ಗಂಟು ಬಿಚ್ಚಿಸಿದವನು ನನ್ನದನ್ನು ಬಿಚ್ಚಿದೆ. ಒಳಗೆ ಹಳೆಯ ಸೀರೆ ಸೇರಿಸಿ ಹೊಲಿದ ಕೌದಿ, ಸಣ್ಣ ಕುಲಾವಿ, ಬಜೆಯ ಬೇರು. ಅವನು ಕುಲಾವಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ನೋಡಿ, ಇದಕ್ಕೆ ಸುಂಕವಿಲ್ಲ ಅಜ್ಜಾ ಎಂದ. ನನ್ನನ್ನು ಮೊದಲು ಅಜ್ಜ ಎಂದವನು ಅವನು. ಅವನ ಕೈ ಹಿಡಿದು ಅಲ್ಲಾಡಿಸಿಬಿಟ್ಟೆ.

ಮಗಳ ಮನೆಗೆ ಹೋದೆವು. ಅವಳು ಬಾಣಂತಿ, ತಲೆಗೆ ಬಟ್ಟೆ ಸುತ್ತಿಕೊಂಡು ಮಂಚದಿಂದಿಳಿದಳು. ಕೂಸನ್ನು ತೋರಿಸುವ ಮೊದಲು ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಹಿಡಿದಳು. ಕುಡಿದೆ. ಇನ್ನೊಂದು ತಂಬಿಗೆ ಕೇಳಿ ಕುಡಿದೆ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೊಟ್ಟೆ ಹೊಳೆಯಾದೀತು ಎಂದಳು. ಆಮೇಲೆ ಕೂಸು. ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಯಾರ ಮೇಲೋ ಸಿಟ್ಟಿನಲ್ಲಿದ್ದ ಹಾಗೆ. ನನ್ನ ಬೆರಳು ಹಿಡಿದರೆ ಬಿಡಲೊಲ್ಲದು.

ಇನ್ನು ಮುದಿತನವನ್ನು ಕಳೆಯುವುದು ಇಲ್ಲೇ ಎಂದು ಅಲ್ಲೇ ತೀರ್ಮಾನಿಸಿದೆವು. ಅಳಿಯ ಕೊಟ್ಟಿಗೆಯ ಪಕ್ಕದ ಕೋಣೆಯನ್ನು ಸಾರಿಸಿಕೊಡುತ್ತೇನೆಂದ. ಉಳಿದದ್ದು ಎರಡು ಕೆಲಸ: ಕಾಯಂ ಇರಲು ರಹದಾರಿ, ಮತ್ತೆ ನನ್ನ ವಜೀಫಾ ಆಚೆಗೆ ಸಿಗುವಂತೆ ಏರ್ಪಾಡು. ಮಗಳ ಮನೆಯಲ್ಲಿ ಇರಬಹುದು, ಆದರೆ ನನ್ನ ಎಲೆಅಡಿಕೆಗೆ ಅಳಿಯನ ಕೈ ನೋಡಬಾರದು. ಅಷ್ಟು ನನಗೆ ಬೇಕಿತ್ತು. ರಹದಾರಿಯ ಗಡುವು ಮುಗಿಯುವ ಮೊದಲು ಮಕ್ತಲ್‌ಗೆ ಹಿಂತಿರುಗಿದೆವು.

ಹೆಂಡತಿ ಕಂಟ್ರೋಲಿನ ಸಕ್ಕರೆಯನ್ನು ಚಿಟಿಕೆ ಚಿಟಿಕೆ ಉಳಿಸಿ ಗಡಿಗೆಯಲ್ಲಿಟ್ಟಿದ್ದಳು. ಗಂಡು ಹುಟ್ಟಿದರೆ ಸಕ್ಕರೆ, ಹೆಣ್ಣು ಹುಟ್ಟಿದರೆ ಬೆಲ್ಲ ಹಂಚುವುದು ನಮ್ಮ ಓಣಿಯ ರೂಢಿ. ನಾವು ಸಕ್ಕರೆಯನ್ನೇ ಹಂಚಿದೆವು. ತಮ್ಮನ ಹೆಂಡತಿ ಕೈಯಲ್ಲಿ ಹಿಡಿದು, ಗಂಡೇನು ಎಂದು ಮತ್ತೊಮ್ಮೆ ಕೇಳಿದಳು. ಹೆಣ್ಣು, ತಿನ್ನು ಎಂದಳು ನಮ್ಮವಳು. ತಮ್ಮ ಸಕ್ಕರೆ ಬಾಯಿಗೆ ಹಾಕಿಕೊಂಡು ಚುಚ್ಚಿದ:

"ಅಣ್ಣಾ, ನಾಕಾ ಕಾಯೋದು ಮುಗೀತು. ಇನ್ನ ಅಳಿಯನ ಮನಿ ಕಾಯಾಕ ಹೊಂಟಿ ಏನು?"

ನಾನು ಬಾಯಿ ತೆಗೆಯುವ ಮೊದಲೇ ನಮ್ಮವಳು ಹೇಳಿದಳು: "ಹೌದಪ್ಪಾ, ಕಾಯೋದು ನಿಮ್ಮಣ್ಣಗ ರೂಢಿ ಆಗೇತಿ. ನೀನು ನಮ್ಮ ಎಮ್ಮಿ ಕಾಯಿ, ಹಾಲು ನಿನಗs ಇರಲಿ." ತಮ್ಮ ಕೊಟ್ಟಿಗೆಯ ಕಡೆ ಹೋಗಿ ಎಮ್ಮೆಯ ಬೆನ್ನು ಸವರಿದ. ಹಾಲು ಒಳ್ಳೆಯ ಎಮ್ಮೆಯದು.

ಖಜಾನೆಯಲ್ಲಿ ವಜೀಫಾ ನೋಡುವವರು ಒಬ್ಬ ಮುನ್ಶಿ ಸಾಹೇಬರು. ಮಕ್ತಲ್‌ನಲ್ಲೇ ಹುಟ್ಟಿ ಬೆಳೆದವರು, ನನಗಿಂತ ಸ್ವಲ್ಪ ಚಿಕ್ಕವರು, ಕರಿ ಟೋಪಿ, ಮೂಗಿನ ತುದಿಗೆ ಕನ್ನಡಕ. ಅವರಿಗೂ ಹೆಣ್ಣುಮಕ್ಕಳೇ, ಹಿರಿಯಳನ್ನು ಗದ್ವಾಲ್‌ಗೆ ಕೊಟ್ಟಿದ್ದರು. ಒಂದು ಚಿಂದಿಯಲ್ಲಿ ಸಕ್ಕರೆ ಕಟ್ಟಿಕೊಂಡು ಹೋಗಿ ಅವರ ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ಮುಟ್ಟದೆ, ಏನು ಕೆಲಸ ಎಂದು ಕೇಳಿದರು. ಆಚೆ ಹೋಗಿ ಇರಬೇಕು, ವಜೀಫಾ ಅಲ್ಲಿಗೆ ಬರಬೇಕು ಎಂದೆ.

ಅವರು ಕಾಯಿದೆ ಹೇಳಿದರು. ವಜೀಫಾ ಸರ್ಕಾರದ ಸೀಮೆಯಲ್ಲಿ ಇರುವವರಿಗೆ ಮಾತ್ರ. ಪ್ರತಿ ಸಲ ತಾನೇ ಬಂದು, ಬದುಕಿದ್ದೇನೆಂದು ಮುಖ ತೋರಿಸಿ, ಹೆಬ್ಬೆಟ್ಟೊತ್ತಿ ತೆಗೆದುಕೊಳ್ಳಬೇಕು. ಆಚೆಗೆ ಕಳಿಸುವ ಮಾತೇ ಇಲ್ಲ. ಕೊಡುವುದು ಹಾಲಿ ಸಿಕ್ಕ, ಅಂದರೆ ನಮ್ಮ ಸರ್ಕಾರದ ರೂಪಾಯಿ, ಆಚೆ ನಡೆಯುವುದು ಕಲದಾರ. ಅದನ್ನು ಬದಲಾಯಿಸುವುದು ಖಜಾನೆಯ ಕೆಲಸವಲ್ಲ. ಆಚೆ ಮನೆ ಮಾಡಿದವನ ಹೆಸರು ಹೊಡೆದುಹಾಕುತ್ತಾರೆ. ಕಾಯಂ ಹೋಗುವವನಿಗೆ ಕೊಡುವ ರಹದಾರಿ ಹೋಗಲು ಮಾತ್ರ, ಬರಲು ಇಲ್ಲ.

ನನ್ನ ಮುಖ ಇಳಿದದ್ದನ್ನು ಅವರು ನೋಡಿರಬೇಕು. ಸುತ್ತ ನೋಡಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

"ನಿಮ್ಮ ಮಂದ್ಯಾಗ ಮಗಳ ಮನಿ ಅನ್ನ ನೀರು ಮುಟ್ಟಂಗಿಲ್ಲ, ಹೌದಿಲ್ಲೋ?"

"ಹೌದ್ರಿ."

"ಅನ್ನ ನೀರು ಇಲ್ಲದ ಜಾಗಾದಾಗ ಮನುಷ್ಯಾ ಹೆಂಗ ಮನಿ ಮಾಡ್ತಾನ? ನೀವು ಮಗಳನ್ನ ನೋಡಾಕ ಹೋದವ್ರು, ಮೆಹಮಾನ್, ಬಂದು ಹೋಗೋ ನೆಂಟ್ರು. ವಾಪಸ್ ಬರೋದು ತಡಾ ಆಕ್ಕೈತಿ, ಅಷ್ಟs. ಹಂಗಂತ ನಾ ಬರೀತೀನಿ. ಯಾರು ಕೇಳಿದ್ರೂ ಇಡೀ ತಾಲ್ಲೂಕು ಸಾಕ್ಷಿ ಹೇಳತೈತಿ, ಮಗಳ ಮನ್ಯಾಗ ತಂದಿ ಯಾವತ್ತಿದ್ರೂ ಮೆಹಮಾನ್."

ಎಷ್ಟು ಚೆನ್ನಾಗಿ ಹೇಳಿದರು! ನನ್ನ ತಮ್ಮ, ನನ್ನ ಓಣಿ, ನಮ್ಮವರೆಲ್ಲ ಯಾವ ಮಾತಿನಿಂದ ನಮ್ಮನ್ನು ಚುಚ್ಚುತ್ತಿದ್ದರೋ ಅದೇ ಮಾತನ್ನು ತಿರುಗಿಸಿ ಅವರು ನನಗೆ ರಹದಾರಿ ಮಾಡಿಕೊಡುತ್ತಿದ್ದರು. ನಾನು ಕೈಮುಗಿಯಲಿಕ್ಕಿದ್ದೆ. ಅಷ್ಟರಲ್ಲಿ ಅವರು ಲೆಕ್ಕಣಿಕೆ ಅದ್ದಿ, ನನ್ನ ಕಡೆ ನೋಡದೆ ಹೇಳಿದರು:

"ಆದ್ರ ಒಂದು. ಮಗಳಿಗೆ ಮಕ್ಕಳು ಆದ್ವಂದ್ರ ಆ ಕಟ್ಟು ಬಿಟ್ಟು ಹೋಕ್ಕೈತಿ, ಅದೂ ಎಲ್ಲಾರಿಗೂ ಗೊತ್ತೈತಿ. ಹಂಗಾಗಿ ಇಲ್ಲಿ ಒಂದು ಸಾಲು ಬರೀಬೇಕು. ಮಗಳಿಗೆ ಔಲಾದ್ ಇಲ್ಲ ಅಂತ. ಇಲ್ಲ ಅಂತ ಬರೀಲಿ?"

ಆಗ ನನಗೆ ಅರ್ಥವಾಯಿತು, ಅವರು ಸಕ್ಕರೆ ಯಾಕೆ ಮುಟ್ಟಲಿಲ್ಲವೆಂದು. ಮುಟ್ಟಿದರೆ ಕೂಸು ಹುಟ್ಟಿದ್ದು ಅವರಿಗೆ ಗೊತ್ತಾದಂತೆ. ಗೊತ್ತಿಲ್ಲದವರಾಗಿ ಉಳಿದು ನನಗೆ ಉಪಕಾರ ಮಾಡಲು ನೋಡುತ್ತಿದ್ದರು. ಒಂದು 'ಹೂಂ' ಅಂದರೆ ಸಾಕು. ವಜೀಫಾ ಉಳಿಯುತ್ತದೆ, ಬರಲು ಹೋಗಲು ದಾರಿ ಉಳಿಯುತ್ತದೆ, ಮೊಮ್ಮಗಳೂ ಸಿಗುತ್ತಾಳೆ.

ಇಷ್ಟು ವರ್ಷ ಊರೆಲ್ಲ ನನ್ನ ಮಗಳಿಗೆ ಅಂದದ್ದು ಅದೇ ಒಂದು ಮಾತು, ಮಕ್ಕಳಿಲ್ಲ ಎಂದು. ಅವಳು ಬಾಗಿಲಲ್ಲಿ ನಿಂತು ನಮ್ಮ ತಂಬಿಗೆ ನೋಡುತ್ತಿದ್ದದ್ದು ಅದೇ ಮಾತಿಗೆ. ಈಗ ಅದನ್ನು ಅವಳ ಅಪ್ಪನೇ ಸರ್ಕಾರದ ಕಾಗದದ ಮೇಲೆ ಬರೆಸಬೇಕೇ? ನನ್ನ ಬೆರಳು ಹಿಡಿದು ಬಿಡದಿದ್ದ ಆ ಮುಷ್ಟಿಯನ್ನು ನಾನು ಇಲ್ಲ ಎನ್ನಬೇಕೇ?

"ಇಲ್ಲ ಅಂತ ಬರೀಬ್ಯಾಡ್ರಿ ಸಾಹೇಬ್ರ," ಎಂದೆ. "ಐತಿ ಅಂತ ಬರೀರಿ. ಹೆಣ್ಣು ಕೂಸು ಐತಿ, ಕೆಂಪಗೈತಿ, ಚೊಲೋ ಐತಿ. ನಾ ಆ ಮನ್ಯಾಗ ಎರಡು ತಂಬಿಗಿ ನೀರು ಕುಡ್ದು ಬಂದೀನಿ. ಅದನ್ನೂ ಬರೀರಿ."

"ವಜೀಫಾ ಹೋಕ್ಕೈತಿ."

"ಹೋಗ್ಲಿರಿ. ನಾ ಮೊಮ್ಮಗಳ ಕಡಿಯಾಂವ."

ಖಜಾನೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಪಟವಾರಿ, ಮುದುಕನಿಗೆ ತಲೆ ಕೆಟ್ಟಿದೆ ಎಂದ. ಮುನ್ಶಿ ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ನಾನು ಹೇಳಿದ್ದನ್ನೇ ಬರೆದರು. ಸಕ್ಕರೆಯ ಚಿಂದಿಯನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು. ನಾನು ಅದನ್ನು ಎತ್ತಿಕೊಂಡು, ಅಂಗಳದಲ್ಲಿ ಸರದಿಗೆ ಕೂತಿದ್ದ ಮುದುಕರಿಗೆಲ್ಲ ಹಂಚಿ ಮನೆಗೆ ಬಂದೆ. ಹೆಂಡತಿಗೆ ಹೇಳಲು ಹೆದರಿಕೆಯಿತ್ತು. ಅವಳು ಕೇಳಿ, ಹಾಗೆ ಹೇಳದೆ ಬಂದಿದ್ದರೆ ನಿಮಗೆ ಇವತ್ತು ರೊಟ್ಟಿ ಇರುತ್ತಿರಲಿಲ್ಲ ಎಂದಳು.

ಹೋಗಲು ಮಾತ್ರದ ರಹದಾರಿ ಹಿಡಿದು ಹೊರಟೆವು. ಮನೆಯ ಬೀಗದ ಕೈ ತಮ್ಮನಿಗೆ, ಎಮ್ಮೆ ತಮ್ಮನಿಗೆ. ಗದ್ವಾಲ್‌ನಲ್ಲಿ ಒಬ್ಬ ಸಾಹುಕಾರನ ಹತ್ತಿರ ಇದ್ದಷ್ಟು ಹಾಲಿ ಕೊಟ್ಟು ಕಲದಾರ ಕೇಳಿದೆ. ಗಡಿ ಬಿಗಿಯಾದಷ್ಟೂ ಅವನ ವಟ್ಟ, ಅಂದರೆ ನಾಣ್ಯ ಬದಲಿಸಲು ಅವನು ಮುರಿದುಕೊಳ್ಳುವುದು, ಏರುತ್ತಿತ್ತು. ಮುರಿದುಕೊಂಡದ್ದು ನೋಡಿದರೆ ಮೂರರಲ್ಲಿ ಒಂದು ಪಾಲು ಅವನ ಪೆಟ್ಟಿಗೆಗೆ ಹೋಗುತ್ತಿತ್ತು. ನಾನು ಗಲಾಟೆ ಮಾಡಿದೆ. ನನ್ನ ಕಾಲದಲ್ಲಿ ನಿನ್ನ ಗಂಟನ್ನು ನಾಕಾದಲ್ಲಿ ಇನ್ನೂ ಸರಿಯಾಗಿ ಬಿಚ್ಚಿಸಬೇಕಿತ್ತು ಎಂದೆ. ಅವನು ನಕ್ಕು, ಅಜ್ಜಾ, ವಾಪಸ್ಸು ಬರುವಾಗ ಕಲದಾರ ತಂದು ಹಾಲಿ ಕೇಳು, ಆಗಲೂ ವಟ್ಟ ನನ್ನದೇ ಎಂದ. ಅಲ್ಲಿ ಮಾತ್ರ ನಾನು ಸೋತೆ ಅಂತ ಬರೆಯುತ್ತೇನೆ.

ರಾಜೋಳಿಯಲ್ಲಿ ಹರಗೋಲು ಹತ್ತುವಾಗ ಹಿತ್ತಾಳೆಯ ತಂಬಿಗೆ ಖಾಲಿ ಇತ್ತು. ಅಂಬಿಗ ನಮ್ಮ ಹಳೆಯ ಪರಿಚಯದವನು, ಈ ಸಲ ನೀರು ತುಂಬಿಕೊಳ್ಳಲಿಲ್ಲವೇ ಎಂದು ಕೇಳಿದ. ಆಚೆ ದಂಡೆ ಮುಟ್ಟಿದ ಕೂಡಲೆ ಹೆಂಡತಿ ತಾನೇ ಬಗ್ಗಿ, ಅಲ್ಲಿಯ ನೀರು ತುಂಬಿ, ನನಗಿಂತ ಮೊದಲು ತಾನೇ ಕುಡಿದಳು.

ಆ ಮಳೆಗಾಲ ಹೇಗೆ ಕಳೆಯಿತೆಂದು ಕೇಳಿದರೆ ನನಗೆ ಕೂಸು ಬೋರಲು ಬಿದ್ದದ್ದು, ಅಂಬೆಗಾಲಿಟ್ಟದ್ದು, ನನ್ನ ಮೀಸೆ ಹಿಡಿದು ಎದ್ದು ನಿಲ್ಲಲು ನೋಡಿದ್ದು ನೆನಪಿದೆ. ಕೈಯಲ್ಲಿದ್ದ ಕಲದಾರ ಕರಗಿತು. ಅಳಿಯನ ಸೀರೆಗಳಿಗೆ ಬೆಳಗಿನಿಂದ ಮಡಿಕೆ ಹಾಕಿ ಕೊಡುತ್ತಿದ್ದೆ. ಗಂಟು ಬಿಚ್ಚುವ ಕೈಗೆ ಗಂಟು ಕಟ್ಟುವ ಕೆಲಸ. ಎಲೆಅಡಿಕೆ ಬಿಟ್ಟೆ, ಹಲ್ಲು ಬೆಳ್ಳಗಾಯಿತು ಎಂದು ಮಗಳು ಹೇಳಿದಳು. ಒಂದು ದಿನ ಬೆಳಿಗ್ಗೆ ರಸ್ತೆಯ ಕಡೆಯಿಂದ ಲಾರಿಗಳ ಸದ್ದು ಬಂತು, ಬರುತ್ತಲೇ ಇತ್ತು. ಫೌಜು ಹೈದರಾಬಾದಿನ ಕಡೆ ಹೊರಟಿತ್ತು. ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು ಎಂದರು. ಪೊಲೀಸ್ ಆ್ಯಕ್ಷನ್ ಎಂಬ ಹೆಸರು ನಾವು ಕೇಳಿದ್ದು ಆಮೇಲೆ. ಮುಗಿಯಿತು ಎಂದವರ ಮಾತು ಎಲ್ಲ ಊರಿಗೂ ನಿಜವಾಗಿರಲಿಲ್ಲ. ಕೆಲವು ಊರುಗಳಲ್ಲಿ ಅದರ ನಂತರವೇ ಜನ ತಮ್ಮ ನೆರೆಯ ಮುಸಲ್ಮಾನರಿಗೇ ಕೇಡು ಮಾಡಿದರು. ಮಕ್ತಲ್‌ನ ಮುನ್ಶಿ ಸಾಹೇಬರು ಏನಾದರೋ ಎಂಬ ಯೋಚನೆ ನನಗೆ ಹತ್ತಿತು.

ದಾರಿಗಳು ತಣ್ಣಗಾದ ಮೇಲೆ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿದೆ. ಮಗಳು, ಹೆಂಡತಿ ಹಿಂದೆ. ನಾಕಾದಲ್ಲಿ ಯಾರೂ ಇರಲಿಲ್ಲ. ನಾನು ಅಷ್ಟು ವರ್ಷ ನಿಂತ ಬಾಗಿಲಲ್ಲಿ ಒಂದು ಮೇಕೆ ಮಲಗಿತ್ತು. ಬರಲು ರಹದಾರಿ ಇಲ್ಲದ ಮನುಷ್ಯ ನಾನು, ಮೇಕೆಯ ಹತ್ತಿರ ದಾರಿ ಕೇಳಿಕೊಂಡು ಬಂದೆ.

ಮುನ್ಶಿ ಸಾಹೇಬರು ಖಜಾನೆಯಲ್ಲೇ ಇದ್ದರು. ಕುರ್ಚಿ ಮೂಲೆಗೆ ಸರಿದಿತ್ತು, ಅವರು ಅರ್ಧಕ್ಕರ್ಧ ಇಳಿದುಹೋಗಿದ್ದರು. ಒಳಗೆ ಹೊರಗಿನಿಂದ ಬಂದ ಹೊಸ ಅಧಿಕಾರಿ. ನಮ್ಮನ್ನು ನೋಡಿ ಸಾಹೇಬರು ಎದ್ದು ನಿಂತರು, ಗದ್ವಾಲ್‌ನ ಮಗಳು ಕ್ಷೇಮ ಎಂದರು, ನಾನು ಕೇಳುವ ಮೊದಲೇ. ಆಮೇಲೆ ನನ್ನ ಕೆಲಸಕ್ಕೆ ಬಂದರು. ಈಗ ಆಚೆ ಈಚೆ ಎಂಬುದಿಲ್ಲ, ವಜೀಫಾ ಮತ್ತೆ ಶುರು ಮಾಡಬಹುದು. ನಿಂತ ತಿಂಗಳುಗಳದ್ದನ್ನೂ ಕೊಡಿಸಬಹುದು, ಆದರೆ ಅಷ್ಟೂ ದಿನ ಮಕ್ತಲ್‌ನಲ್ಲೇ ಇದ್ದೆನೆಂದು, ಗಲಾಟೆಯಿಂದ ಖಜಾನೆಗೆ ಬರಲಾಗಲಿಲ್ಲವೆಂದು ಬರೆಯಬೇಕು. ಹೊಸಬರು ನೋಡಲು ಬರುವುದಿಲ್ಲ ಎಂದರು.

ನಾನು ಮೊಮ್ಮಗಳನ್ನು ಹೆಗಲಿಂದ ಇಳಿಸಿ ಅವರ ಮೇಜಿನ ಮೇಲೆ ಕೂರಿಸಿದೆ.

"ಮತ್ತ ಅದs ಮಾತು ಬಂತಲ್ರಿ ಸಾಹೇಬ್ರ. ನಾ ಎಲ್ಲಿದ್ದೆ ಅಂತ ಈಕಿನ್ನ ಕೇಳ್ರಿ."

ಅವರು ಕೂಸನ್ನು ನೋಡಿದರು. ಅದು ಅವರ ಕನ್ನಡಕಕ್ಕೆ ಕೈ ಹಾಕಿತು. ಅವರು ಬಿಡಿಸಿಕೊಳ್ಳಲಿಲ್ಲ, ಹಾಗೇ ಒಂದು ಕೈಯಲ್ಲಿ ಬರೆದರು: ಈ ಮನುಷ್ಯ ಇಷ್ಟು ದಿನ ಮಗಳ ಮಗಳ ಹತ್ತಿರ ಇದ್ದ, ಈಗಲೂ ಅಲ್ಲೇ ಇರುತ್ತಾನೆ, ಬಂದು ವಜೀಫಾ ತೆಗೆದುಕೊಳ್ಳುತ್ತಾನೆ. ನಿಂತ ತಿಂಗಳುಗಳ ಮೇಲೆ ಅಡ್ಡ ಗೆರೆ ಎಳೆದರು. ಎಳೆಯುವಾಗ ನನ್ನ ಮುಖ ನೋಡಿದರು. ಎಳೆಯಿರಿ ಎಂದೆ.

ಕೆಲಸ ಮುಗಿದು ಕೂಸನ್ನು ಎತ್ತಿಕೊಳ್ಳುತ್ತಿದ್ದಾಗ ಅವರು ಅಂಗೈ ಚಾಚಿದರು.

"ಆ ದಿನದ ಸಕ್ಕರಿ ಎಲ್ಲೈತ್ರಿ ಜಮಾದಾರ್? ನಾ ಇನ್ನೂ ತಿಂದಿಲ್ಲ."

ನನ್ನ ಹತ್ತಿರ ಇರಲಿಲ್ಲ. ಹಿಂದೆ ನಿಂತ ಹೆಂಡತಿ ಸೆರಗಿನ ಗಂಟು ಬಿಚ್ಚಿ ಅವರ ಅಂಗೈಗೆ ಸುರಿದಳು. ಅವರು ತಿನ್ನುತ್ತೇನೆಂದು ಮೇಜಿನ ಹಿಂದೆ ಮುಖ ತಿರುಗಿಸಿಕೊಂಡರು, ಬಹಳ ಹೊತ್ತು ತಿಂದರು. ಉಳಿದ ಚೂರನ್ನು ಬೆರಳ ತುದಿಯಲ್ಲಿ ಕೂಸಿನ ನಾಲಿಗೆಗೆ ಹಚ್ಚಿದರು. ಅದಕ್ಕೆ ಆಗ ಎರಡು ಹಲ್ಲು. ಅವರ ಬೆರಳನ್ನು ಕಚ್ಚಿ ಹಿಡಿಯಿತು, ಬಿಡಲಿಲ್ಲ.